ಚೀನಾದ ಸೊಸೆ, ಶಾಂತಿಗ್ರಾಮದ ಅತ್ತೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಹೆಣ್ಣು ತರುತ್ತಿದ್ದುದು ಪಕ್ಕದ ಊರಿನಿಂದ, ಬಹಳವೆಂದರೆ ಪಕ್ಕದ ತಾಲ್ಲೂಕಿನಿಂದ. ಶಾಂತಿಗ್ರಾಮದವರು ಚನ್ನರಾಯಪಟ್ಟಣದ ಕಡೆಯಿಂದ ತರುತ್ತಿದ್ದರು. ಹೊಳೆನರಸೀಪುರದವರು ಅರಕಲಗೂಡಿಗೆ ಕೊಡುತ್ತಿದ್ದರು. ಹುಡುಗಿಯ ಅಜ್ಜಿ ಯಾರು, ಆ ಮನೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗಿತ್ತು, ಗದ್ದೆ ಎಷ್ಟಿದೆ ಎಂಬುದೆಲ್ಲ ಕೇಳದೆಯೇ ಗೊತ್ತಿರುತ್ತಿತ್ತು.

ಈಗ ಅದೇ ಊರುಗಳ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ, ಸಿಂಗಪುರದಲ್ಲಿ, ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದಾರೆ. ಕರ್ನಾಟಕದಿಂದ ಚೀನಾಕ್ಕೇ ವೈದ್ಯಕೀಯ ಓದಲು ಹೋದವರಿದ್ದಾರೆ. ಮೈಸೂರಿಗೆ ಯೋಗ ಕಲಿಯಲು ಬರುವ ವಿದೇಶೀಯರಲ್ಲಿ ಚೀನೀಯರೂ ಇದ್ದಾರೆ. ಹೀಗಿರುವಾಗ ಒಂದು ದಿನ ಮಗ ಫೋನ್ ಮಾಡಿ, ‘ಅಮ್ಮ, ನಾನೊಬ್ಬಳನ್ನು ಮೆಚ್ಚಿದ್ದೇನೆ, ಅವಳು ಚೀನಾದವಳು’ ಎಂದರೆ ಆಶ್ಚರ್ಯಪಡಬೇಕಿಲ್ಲ. ತಾಯಿ ಮೊದಲು ಕೇಳುವುದು ‘ಯಾವ ಜನ?’ ಎಂದು. ಅದಕ್ಕೆ ಉತ್ತರ ಸಿಗುವುದಿಲ್ಲ. ಎರಡನೆಯದು, ‘ವಯಸ್ಸೆಷ್ಟು?’ ಅದಕ್ಕೆ ಉತ್ತರ ಸಿಗುತ್ತದೆ. ‘ನನಗಿಂತ ಮೂರು ವರ್ಷ ದೊಡ್ಡವಳು’ ಎಂದೋ, ‘ಹನ್ನೆರಡು ವರ್ಷ ಚಿಕ್ಕವಳು’ ಎಂದೋ ಆತ ಹೇಳಿದರೆ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ.

ಇಂಥ ಸಂದರ್ಭದಲ್ಲಿ ಗಾಬರಿಯೂ ಬೇಡ, ನಿರ್ಲಕ್ಷ್ಯವೂ ಬೇಡ. ವಯಸ್ಸಿನ ಅಂತರಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟವಾದ ಲೆಕ್ಕವಿದೆ. ಅದನ್ನು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಉಳಿದ ಅರ್ಧಕ್ಕೆ ಕಾರಣ, ಎರಡೂ ಮನೆಯವರು ‘ಇದನ್ನು ಬಾಯಿಬಿಟ್ಟು ಹೇಳಬೇಕೇ, ಎಲ್ಲರಿಗೂ ಗೊತ್ತಿರುವುದೇ ತಾನೇ’ ಎಂದುಕೊಂಡು ಹೇಳದೆ ಉಳಿಸಿಕೊಂಡ ನಿರೀಕ್ಷೆಗಳು. ಸಂಸಾರದ ನೆಮ್ಮದಿ ಕೆಡಿಸುವುದರಲ್ಲಿ ಇವುಗಳದೇ ದೊಡ್ಡ ಪಾಲು.

ಅಂತರ ನಮಗೆ ಹೊಸದಲ್ಲ

ಹಳೆಯ ಮೈಸೂರು ಪ್ರಾಂತ್ಯದಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿ ಬಹುಕಾಲದಿಂದ ಇದೆ. ಸೋದರಮಾವನಿಗೂ ಹುಡುಗಿಗೂ ಹತ್ತು ಹನ್ನೆರಡು ವರ್ಷ ಅಂತರವಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ರಕ್ತಸಂಬಂಧದ ಮದುವೆಯಲ್ಲಿ ಕೆಲವು ಅನುವಂಶೀಯ ಕಾಯಿಲೆಗಳು ಮಕ್ಕಳಿಗೆ ಬರುವ ಸಂಭವ ಹೆಚ್ಚು. ಆ ದೃಷ್ಟಿಯಿಂದ ನೋಡಿದರೆ ದೂರದ ಸಂಬಂಧವೇ ಆರೋಗ್ಯಕ್ಕೆ ಒಳ್ಳೆಯದು!

ಇತ್ತೀಚೆಗೆ ಅಂತರ ಬೇರೆ ದಾರಿಯಿಂದ ಬಂದಿದೆ. ವ್ಯವಸಾಯ ಮಾಡುವ ಗಂಡುಗಳಿಗೆ ಹೆಣ್ಣು ಸಿಗುತ್ತಿಲ್ಲ. 2022ರ ನವೆಂಬರ್‌ನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಗಂಡುಗಳು ಬಂದಿದ್ದರು, ಹುಡುಗಿಯರು ಇನ್ನೂರೈವತ್ತರಷ್ಟು ಮಾತ್ರ ಎಂದು ಪತ್ರಿಕೆಗಳು ವರದಿ ಮಾಡಿದ್ದವು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷ ಚುನಾವಣೆಯ ಸಮಯದಲ್ಲಿ, ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಯರಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಹೊಳೆನರಸೀಪುರ ತಾಲ್ಲೂಕಿನವರೇ ಆದ ಎಚ್.ಡಿ. ಕುಮಾರಸ್ವಾಮಿ ಭರವಸೆ ನೀಡಿದ್ದರು.

ಇದಕ್ಕೆ ಕಾರಣ ಎರಡು. ಓದಿದ ಹುಡುಗಿಯರು ಊರಿಗೆ ಮರಳಲು ಒಪ್ಪುತ್ತಿಲ್ಲ. ಎರಡನೆಯದು, ಹೆಣ್ಣು ಮಗುವನ್ನು ಹುಟ್ಟುವ ಮುಂಚೆಯೇ ಇಲ್ಲವಾಗಿಸಿದ ಪಾಪ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಈ ದಂಧೆ ನಡೆಯುತ್ತಿದ್ದುದು ಬಯಲಾಯಿತು.

ಚೀನಾದ ಕಥೆಯೂ ಇದೇ. ಅಲ್ಲಿ 1980ರ ಸುಮಾರಿನಿಂದ 2015ರವರೆಗೆ ‘ಒಂದೇ ಮಗು’ ನೀತಿ ಜಾರಿಯಲ್ಲಿತ್ತು. ಆ ಒಂದು ಮಗು ಗಂಡೇ ಆಗಲಿ ಎಂದು ಬಯಸಿದವರು ಹೆಚ್ಚು. ಸಾಮಾನ್ಯವಾಗಿ 100 ಹೆಣ್ಣಿಗೆ 105 ಗಂಡು ಹುಟ್ಟುತ್ತವೆ. ಅಲ್ಲಿ 2004ರ ಸುಮಾರಿಗೆ ಈ ಸಂಖ್ಯೆ 120ರ ಆಸುಪಾಸು ತಲುಪಿತ್ತು. ಪರಿಣಾಮವಾಗಿ ಹಳ್ಳಿಗಳಲ್ಲಿ ಮದುವೆಯಾಗದ ಗಂಡಸರು ಉಳಿದರು. ನಗರಗಳಲ್ಲಿ ಓದಿ, ದುಡಿದು, ಇಪ್ಪತ್ತೇಳು ದಾಟಿದರೂ ಮದುವೆಯಾಗದ ಹೆಣ್ಣುಮಕ್ಕಳಿಗೆ ‘ಶೆಂಗ್‌ನ್ಯೂ’, ಅಂದರೆ ‘ಮಿಕ್ಕ ಹೆಣ್ಣು’ ಎಂಬ ಹೆಸರು ಬಿತ್ತು. ನಮ್ಮಲ್ಲಿ ‘ಇನ್ನೂ ಮದುವೆ ಮಾಡಿಲ್ಲವೇ?’ ಎಂದು ಕೇಳುವ ನೆಂಟರು ಅಲ್ಲಿಯೂ ಇದ್ದಾರೆ. ನಿಮ್ಮ ಮಗ ಮೆಚ್ಚಿದ ಹುಡುಗಿ ಈ ಮಾತನ್ನು ತನ್ನ ಮನೆಯಲ್ಲಿ ಸಾಕಷ್ಟು ಕೇಳಿಯೇ ಬಂದಿರುತ್ತಾಳೆ. ನೀವೂ ಅದನ್ನೇ ಶುರುಮಾಡಬೇಡಿ.

ವೈದ್ಯರ ಲೆಕ್ಕ

ಮೊದಲು, ಹುಡುಗಿ ದೊಡ್ಡವಳಾದರೆ? ಹುಡುಗನಿಗೆ 26, ಹುಡುಗಿಗೆ 29 ಎಂದಿಟ್ಟುಕೊಳ್ಳೋಣ. ಇದರಿಂದ ಆರೋಗ್ಯಕ್ಕೆ ಯಾವ ತೊಂದರೆಯೂ ಇಲ್ಲ. ಚೀನಾದಲ್ಲಿ ಮೂರು ವರ್ಷ ದೊಡ್ಡವಳಾದ ಹೆಂಡತಿ ಮನೆಗೆ ಚಿನ್ನದ ಇಟ್ಟಿಗೆ ತರುತ್ತಾಳೆ ಎಂಬ ಗಾದೆಯೇ ಇದೆ. ಅಲ್ಲಿನ ಹಿರಿಯರು ಹುಟ್ಟಿದ ಮಗುವಿಗೆ ಆಗಲೇ ಒಂದು ವರ್ಷವೆಂದು ಎಣಿಸುವುದುಂಟು. ಹಾಗಾಗಿ ಹುಡುಗಿಯ ಅಜ್ಜಿ ಹೇಳಿದ ವಯಸ್ಸಿಗೂ ಪಾಸ್‌ಪೋರ್ಟಿನ ವಯಸ್ಸಿಗೂ ಒಂದೆರಡು ವರ್ಷ ವ್ಯತ್ಯಾಸ ಕಂಡರೆ ಸುಳ್ಳು ಹೇಳಿದರೆಂದು ತಿಳಿಯಬೇಡಿ.

ಗಮನಿಸಬೇಕಾದದ್ದು ಅಂತರವನ್ನಲ್ಲ, ತಾಯಿಯಾಗುವಾಗಿನ ವಯಸ್ಸನ್ನು. 35ರ ನಂತರ ಗರ್ಭ ಧರಿಸುವ ಸಾಮರ್ಥ್ಯ ಬೇಗ ಇಳಿಯುತ್ತದೆ. ಗರ್ಭಪಾತ, ಗರ್ಭಿಣಿಯ ಏರು ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಸಂಭವ ಏರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಾಧ್ಯತೆ 25ರ ತಾಯಿಗೆ ಸುಮಾರು 1,250ರಲ್ಲಿ ಒಂದು, 35ರಲ್ಲಿ ಸುಮಾರು 350ರಲ್ಲಿ ಒಂದು, 40ರಲ್ಲಿ ಸುಮಾರು 100ರಲ್ಲಿ ಒಂದು. 40ರಲ್ಲಿಯೂ ನೂರರಲ್ಲಿ ತೊಂಬತ್ತೊಂಬತ್ತು ತಾಯಂದಿರಿಗೆ ಈ ತೊಂದರೆ ಇರುವುದಿಲ್ಲ ಎಂಬುದನ್ನೂ ಮರೆಯಬಾರದು.

ಇನ್ನು, ಹುಡುಗ ಬಹಳ ದೊಡ್ಡವನಾದರೆ? ‘ಗಂಡಸಿಗೆ ವಯಸ್ಸೆಲ್ಲಿ?’ ಎಂಬ ಮಾತು ಸರಿಯಲ್ಲ. 40 ದಾಟಿದ ಮೇಲೆ ವೀರ್ಯಾಣುವಿನ ಗುಣಮಟ್ಟವೂ ನಿಧಾನವಾಗಿ ಕುಗ್ಗುತ್ತದೆ. ಗರ್ಭ ನಿಲ್ಲುವುದು ತಡವಾಗಬಹುದು. ಆದರೂ ಮಕ್ಕಳಾಗದಿದ್ದರೆ ಮೊದಲು ಆಸ್ಪತ್ರೆಗೆ ಹೋಗುವವಳು, ಹರಕೆ ಹೊರುವವಳು, ಮಾತು ಕೇಳುವವಳು ಹೆಂಡತಿಯೇ. ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಲ್ಲಿ, ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಬೇಕು.

ಇನ್ನೊಂದು ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಗಂಡ ಹನ್ನೆರಡು ವರ್ಷ ದೊಡ್ಡವನಾದರೆ ಆತನಿಗೆ 60 ಆದಾಗ ಆಕೆಗೆ 48. ಹೆಂಗಸರ ಸರಾಸರಿ ಆಯಸ್ಸು ಗಂಡಸರಿಗಿಂತ ಕೆಲವು ವರ್ಷ ಹೆಚ್ಚು. ಎರಡನ್ನೂ ಕೂಡಿದರೆ ಆಕೆ ಬದುಕಿನ ಕೊನೆಯ ಹದಿನೈದು ವರ್ಷಗಳಷ್ಟನ್ನು ಒಂಟಿಯಾಗಿ ಕಳೆಯಬೇಕಾಗಬಹುದು. ಅದೂ ತನ್ನ ಭಾಷೆ ಆಡುವವರು ಒಬ್ಬರೂ ಇಲ್ಲದ ಊರಿನಲ್ಲಿ. ಆದ್ದರಿಂದ ಇಂಥ ಮದುವೆಯಲ್ಲಿ ಹೆಂಡತಿಯ ಹೆಸರಿನಲ್ಲಿ ಉಳಿತಾಯ, ಆಕೆಯದೇ ಕೆಲಸ, ಆಕೆಗೆ ಕನ್ನಡದ ಅಭ್ಯಾಸ, ಇವು ಆಭರಣಕ್ಕಿಂತ ಮುಖ್ಯ.

ತೆರವೋ, ವರದಕ್ಷಿಣೆಯೋ?

ಹಣದ ವಿಚಾರದಲ್ಲಿ ಎರಡೂ ಮನೆಯವರು ಪರಸ್ಪರ ಮುಖ ನೋಡಿಕೊಳ್ಳುವುದು ಖಂಡಿತ. ಚೀನಾದಲ್ಲಿ ಗಂಡಿನ ಮನೆಯವರು ಹೆಣ್ಣಿನ ಮನೆಗೆ ಹಣ ಕೊಡುವ ‘ಚಾಯ್‌ಲಿ’ ಎಂಬ ಪದ್ಧತಿ ಇದೆ. ಮದುವೆಗೆ ಮುಂಚೆ ಗಂಡು ಒಂದು ಮನೆ ಮಾಡಿಕೊಂಡಿರಬೇಕೆಂದೂ ಬಹಳ ಕಡೆ ನಿರೀಕ್ಷಿಸುತ್ತಾರೆ. ನಮ್ಮಲ್ಲಿ ವರದಕ್ಷಿಣೆ 1961ರ ಕಾನೂನಿನಿಂದಲೇ ನಿಷಿದ್ಧವಾದರೂ ‘ಹೆಣ್ಣಿನವರು ಏನಾದರೂ ಮಾಡುತ್ತಾರೆ’ ಎಂಬ ಆಸೆ ಹೋಗಿಲ್ಲ. ಒಂದು ಮನೆಯವರು ಬರುತ್ತದೆಂದು ಕಾಯುತ್ತಾರೆ, ಇನ್ನೊಂದು ಮನೆಯವರೂ ಬರುತ್ತದೆಂದೇ ಕಾಯುತ್ತಾರೆ!

‘ಮಗಳನ್ನು ಮಾರುತ್ತಾರೆ’ ಎಂದು ಅವರನ್ನು ಹೀಗಳೆಯುವ ಮುನ್ನ ನಮ್ಮ ಮುತ್ತಜ್ಜಂದಿರ ಕಾಲದ ‘ತೆರ’ವನ್ನು ನೆನೆಸಿಕೊಳ್ಳಿ. ಹಳೆಯ ಮೈಸೂರಿನ ಅನೇಕ ಸಮುದಾಯಗಳಲ್ಲಿ ಗಂಡಿನವರೇ ಹೆಣ್ಣಿನವರಿಗೆ ತೆರ ಕೊಡುತ್ತಿದ್ದರು. ಯಾರೂ ಯಾರಿಗೂ ಕೊಡುವುದು ಬೇಡ, ಮದುವೆಯ ಖರ್ಚು ಅರ್ಧರ್ಧ ಎಂದು ಮಕ್ಕಳೇ ಮೊದಲು ತೀರ್ಮಾನಿಸಿ ಎರಡೂ ಕಡೆ ತಿಳಿಸುವುದು ಒಳ್ಳೆಯದು.

ಬಾಣಂತಿಗೆ ಸ್ನಾನ ಉಂಟೋ ಇಲ್ಲವೋ?

ಅತ್ತೆ-ಸೊಸೆಯರಿಗೆ ನಿಜವಾದ ಪರೀಕ್ಷೆ ಬಾಣಂತನದಲ್ಲಿ. ಚೀನಾದಲ್ಲಿಯೂ ಬಾಣಂತನವಿದೆ. ‘ತಿಂಗಳು ಕೂರುವುದು’ ಎಂದೇ ಅದಕ್ಕೆ ಹೆಸರು. ತಣ್ಣೀರು ಮುಟ್ಟಬಾರದು, ಗಾಳಿಗೆ ಮೈಯೊಡ್ಡಬಾರದು, ಬಿಸಿ ಆಹಾರವನ್ನೇ ಉಣ್ಣಬೇಕು, ಶುಂಠಿ ಚೆನ್ನಾಗಿ ಬಳಸಬೇಕು. ಇಷ್ಟು ಕೇಳಿದರೆ ಶಾಂತಿಗ್ರಾಮದ ಅತ್ತೆ ‘ನಮ್ಮ ಹಾಗೇ ಇದ್ದಾರಲ್ಲ’ ಎಂದು ಸಂತೋಷಪಡುತ್ತಾಳೆ.

ಜಗಳ ಹತ್ತುವುದು ಬಚ್ಚಲ ಮನೆಯಲ್ಲಿ. ನಮ್ಮಲ್ಲಿ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕದಿದ್ದರೆ ಬಾಣಂತನವೇ ಅಲ್ಲ. ಅವರ ಹಳೆಯ ಪದ್ಧತಿಯಲ್ಲಿ ಆ ಒಂದು ತಿಂಗಳು ತಲೆಗೆ ನೀರು ಹಾಕುವಂತೆಯೇ ಇಲ್ಲ! ಇನ್ನೊಂದು ವ್ಯತ್ಯಾಸವಿದೆ. ನಮ್ಮ ಹುಡುಗಿ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಅಲ್ಲಿ ಬಾಣಂತನ ಮಾಡುವುದು ಸಂಪ್ರದಾಯದಂತೆ ಗಂಡನ ಮನೆಯವರ ಹೊಣೆ. ‘ನಿನ್ನ ತಾಯಿ ಏಕೆ ಕರೆದುಕೊಂಡು ಹೋಗಲಿಲ್ಲ?’ ಎಂದು ನೀವು ಕೇಳಿದರೆ, ‘ಅತ್ತೆಗೆ ನಾನು ಭಾರವಾದೆ’ ಎಂದು ಆಕೆ ತಿಳಿಯುತ್ತಾಳೆ.

ವೈದ್ಯರ ಮಾತು ಎರಡೂ ಕಡೆಯವರಿಗೆ ಒಂದೇ. ಉಗುರು ಬೆಚ್ಚಗಿನ ನೀರಿನ ಸ್ನಾನ ಒಳ್ಳೆಯದು. ಹೆರಿಗೆಯಲ್ಲಿ ಹೊಲಿಗೆ ಹಾಕಿದ್ದರೆ ಆ ಜಾಗವನ್ನು ಶುಚಿಯಾಗಿ, ಒಣಗಿದಂತೆ ಇಡಬೇಕು. ಹೊಗೆ ಬಾಣಂತಿಗೂ ಮಗುವಿಗೂ ಬೇಡ. ‘ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ’ ಎಂದು ನೀರು ತಪ್ಪಿಸುವುದು ತಪ್ಪು. ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು. ತಿಂಗಳೆಲ್ಲ ಮಲಗಿಸಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಮನೆಯೊಳಗೆ ಓಡಾಡಬೇಕು. ಕಬ್ಬಿಣಾಂಶದ ಮಾತ್ರೆ ನಿಲ್ಲಿಸಬಾರದು.

ಎಲ್ಲಕ್ಕಿಂತ ಮುಖ್ಯವಾಗಿ ಬಾಣಂತಿಯ ಮನಸ್ಸನ್ನು ಗಮನಿಸಿ. ಹೆರಿಗೆಯಾದ ಮೊದಲ ವಾರ ಸ್ವಲ್ಪ ಅಳು ಸಹಜ. ಎರಡು ವಾರ ಕಳೆದರೂ ಅಳು, ನಿದ್ದೆಗೇಡು, ಮಗುವಿನ ಮೇಲೆ ನಿರಾಸಕ್ತಿ, ‘ನಾನು ಇರಬಾರದಿತ್ತು’ ಎಂಬ ಮಾತು ಕಂಡರೆ ಅದು ಖಿನ್ನತೆ. ಕೊಬ್ಬೆಂದು ಬೈಯಬೇಡಿ, ಗಾಳಿ ಸೋಕಿದೆಯೆಂದು ಮಂತ್ರಿಸಬೇಡಿ. ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ. ತವರಿನ ಭಾಷೆ ಕಿವಿಗೆ ಬೀಳದ ಬಾಣಂತಿಗೆ ಈ ಅಪಾಯ ಹೆಚ್ಚು. ದಿನಕ್ಕೊಮ್ಮೆ ತಾಯಿಯೊಡನೆ ಫೋನಿನಲ್ಲಿ ಮಾತನಾಡಲು ಬಿಡುವುದೂ ಒಂದು ಔಷಧವೇ.

ಊಟ, ದೇವರು, ಹಿರಿಯರು

ಪೂರ್ವ ಏಷ್ಯಾದ ಹೆಚ್ಚಿನ ವಯಸ್ಕರಿಗೆ ಹಾಲಿನಲ್ಲಿರುವ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಸೊಸೆ ಲೋಟ ಹಾಲು ಕುಡಿದು ಹೊಟ್ಟೆನೋವೆಂದರೆ ಅದು ನಾಟಕವಲ್ಲ. ಅಂಥವರಲ್ಲಿ ಹಲವರಿಗೆ ಮೊಸರು ಹೊಂದುತ್ತದೆ. ರಾಗಿಮುದ್ದೆ ನುಂಗುವುದನ್ನು ಕಲಿಯಲು ಬೆಂಗಳೂರಿನವರಿಗೇ ತಿಂಗಳು ಬೇಕು, ಆಕೆಗೆ ವರ್ಷ ಕೊಡಿ.

ದೇವರ ವಿಷಯದಲ್ಲಿ ಶಾಂತಿಗ್ರಾಮದವರಿಗೆ ಪಾಠ ಹೊರಗಿನಿಂದ ಬೇಕಿಲ್ಲ. ಊರಿಗೆ ಹೆಸರು ಬಂದದ್ದು ಹೊಯ್ಸಳರ ರಾಣಿ ಶಾಂತಲೆಯಿಂದ ಎನ್ನುತ್ತಾರೆ. ಆಕೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಗಂಡ ವಿಷ್ಣುವರ್ಧನ ವೈಷ್ಣವನೆಂದು ಪ್ರಸಿದ್ಧ. ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಒಂಬೈನೂರು ವರ್ಷಗಳ ಹಿಂದೆ ಒಂದೇ ಮನೆಯಲ್ಲಿ ಮೂರು ಮತಗಳು ಬಾಳಿದ್ದವು. ಚೀನಾದ ಅನೇಕ ಹುಡುಗಿಯರಿಗೆ ಯಾವ ಮತದ ಕಟ್ಟೂ ಇರುವುದಿಲ್ಲ. ಆದರೆ ಏಪ್ರಿಲ್ ಮೊದಲ ವಾರದ ‘ಚಿಂಗ್‌ಮಿಂಗ್’ ದಿನ ಹಿರಿಯರ ಸಮಾಧಿಗೆ ಹೋಗಿ ಗುಡಿಸಿ, ತಿಂಡಿ ಇಟ್ಟು ಬರುತ್ತಾರೆ. ಪಿತೃಪಕ್ಷದಲ್ಲಿ ಎಡೆ ಇಡುವ ಮನೆಗೆ ಇದು ಅರ್ಥವಾಗದ ಮಾತೇನಲ್ಲ.

ಅಲ್ಲಿಯೂ ಇಬ್ಬರು ಮುದುಕರು

ಅತ್ತೆಯ ಮನಸ್ಸಿನಲ್ಲಿರುವ ನಿಜವಾದ ಭಯ ಬೇರೆ. ‘ವಯಸ್ಸಾದ ಕಾಲಕ್ಕೆ ನಮ್ಮನ್ನು ನೋಡಿಕೊಳ್ಳುವವರು ಯಾರು?’ ಇದು ನ್ಯಾಯವಾದ ಪ್ರಶ್ನೆ. ಆದರೆ ‘ಒಂದೇ ಮಗು’ ಕಾಲದಲ್ಲಿ ಹುಟ್ಟಿದ ಹುಡುಗಿಗೆ ಅಣ್ಣ ತಮ್ಮಂದಿರಿಲ್ಲದಿರುವುದೇ ಹೆಚ್ಚು. ಅವಳ ತಂದೆ ತಾಯಿಗೂ ಅವಳೊಬ್ಬಳೇ. ವೃದ್ಧ ತಂದೆ ತಾಯಿಯನ್ನು ಮಕ್ಕಳು ನೋಡಿಕೊಳ್ಳಬೇಕೆಂಬ ಕಾನೂನು ನಮ್ಮಲ್ಲಿ 2007ರಲ್ಲಿ ಬಂತು. ಅಲ್ಲಿಯೂ ಕಾನೂನಿದೆ. 2013ರಿಂದ ಆಗಾಗ ಹೋಗಿ ನೋಡಿ ಬರಬೇಕೆಂಬುದೂ ಅದರಲ್ಲಿ ಸೇರಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ನಮ್ಮ ಮಾತು ಆ ಇಬ್ಬರು ಮುದುಕರ ಪಾಲಿಗೆ ಬಹಳ ಕ್ರೂರವಾದದ್ದು.

ಓಡಾಟ ಯಾವಾಗಲೂ ಸುಲಭವಾಗಿರುತ್ತದೆ ಎಂದು ನಂಬುವಂತಿಲ್ಲ. 2020ರಲ್ಲಿ ನಿಂತ ಭಾರತ-ಚೀನಾ ನೇರ ವಿಮಾನಗಳು ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಐದು ವರ್ಷದಲ್ಲಿ ಒಬ್ಬ ತಾಯಿಯ ಆರೋಗ್ಯ ಎಷ್ಟು ಬದಲಾಗಬಹುದು! ನಾಲ್ವರು ಹಿರಿಯರ ಆರೋಗ್ಯ ವಿಮೆ, ಕಾಯಿಲೆ ಬಿದ್ದರೆ ಯಾರು ಹೋಗುವುದು, ಹಣ ಯಾರದು ಎಂಬುದನ್ನು ಮದುವೆಗೆ ಮುಂಚೆಯೇ ಮಾತನಾಡಬೇಕು.

ಸೋಲಾಪುರದ ವೈದ್ಯ

ಹೀಗೆ ಮದುವೆಯಾದವರು ಹಿಂದೆಯೂ ಇದ್ದರು. ನಮ್ಮ ಗಡಿಯಾಚೆಯ ಸೋಲಾಪುರದ ಡಾ. ದ್ವಾರಕಾನಾಥ ಕೊಟ್ನೀಸ್ 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡದಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದರು. ಚೀನೀ ಭಾಷೆ ಕಲಿತರು. 1941ರಲ್ಲಿ ತಮಗಿಂತ ಸುಮಾರು ಐದಾರು ವರ್ಷ ಚಿಕ್ಕವರಾದ ದಾದಿ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಮರುವರ್ಷ ಗಂಡು ಮಗುವಾಯಿತು. ಭಾರತ, ಚೀನಾ ಎರಡೂ ಸೇರುವಂತೆ ಮಗುವಿಗೆ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ಮಗುವಿಗೆ ಕೆಲವೇ ತಿಂಗಳಾಗಿದ್ದಾಗ, 1942ರ ಡಿಸೆಂಬರ್ 9ರಂದು, ಕೊಟ್ನೀಸ್ ಅಪಸ್ಮಾರದಿಂದ ತೀರಿಕೊಂಡರು. ಅವರಿಗೆ 32, ಆಕೆಗೆ 26. ಮುಂದೆ ಆಕೆ ಹಲವು ಬಾರಿ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡರು. 2012ರಲ್ಲಿ ನಿಧನರಾಗುವವರೆಗೂ ಆ ನೆಂಟಸ್ತನ ಉಳಿಯಿತು. ಎರಡು ದೇಶಗಳ ನಡುವೆ 1962ರ ಯುದ್ಧವೇ ನಡೆದರೂ ಸಂಬಂಧ ಮುರಿಯಲಿಲ್ಲ.

ಮದುವೆಗೆ ಮುಂಚೆ

ಇಬ್ಬರೂ ಮಾಡಿಸಬೇಕಾದ ಪರೀಕ್ಷೆಗಳು ಹೀಗಿವೆ:

1. ಥಲಸ್ಸೀಮಿಯಾ. ಈ ರಕ್ತದ ಕಾಯಿಲೆಯ ವಾಹಕರು ಭಾರತದಲ್ಲಿಯೂ ಇದ್ದಾರೆ, ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್, ಗ್ವಾಂಗ್‌ಶಿ ಪ್ರಾಂತ್ಯಗಳಲ್ಲಿ ಹೆಚ್ಚಾಗಿಯೇ ಇದ್ದಾರೆ. ವಾಹಕರು ಆರೋಗ್ಯವಾಗಿಯೇ ಕಾಣುತ್ತಾರೆ. ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

2. ಹೆಪಟೈಟಿಸ್ ಬಿ ಮತ್ತು ಎಚ್‌ಐವಿ. ಹೆಪಟೈಟಿಸ್ ಬಿ ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬಹುದು. ತಾಯಿಗಿದ್ದರೂ ಮಗು ಹುಟ್ಟಿದ ತಕ್ಷಣ ಲಸಿಕೆ ಕೊಟ್ಟು ಕಾಪಾಡಬಹುದು. ಪರೀಕ್ಷೆ ಇರುವುದು ಎಚ್ಚರಕ್ಕೆ, ಯಾರನ್ನೂ ದೂರ ತಳ್ಳುವುದಕ್ಕಲ್ಲ.

3. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ, ಸಕ್ಕರೆ. ನೆಗೆಟಿವ್ ಗುಂಪಿನ ರಕ್ತ ಚೀನೀಯರಲ್ಲಿ ನೂರಕ್ಕೆ ಒಬ್ಬರಿಗೂ ಇರುವುದಿಲ್ಲ. ಅಂಥವರು ಅಲ್ಲಿ ನೆಲೆಸುವುದಾದರೆ ಇದು ಗೊತ್ತಿರಬೇಕು.

4. ಅಪಸ್ಮಾರ, ಮಾನಸಿಕ ಕಾಯಿಲೆ, ಹಿಂದಿನ ಮದುವೆ, ಯಾವುದನ್ನೂ ಮುಚ್ಚಿಡಬಾರದು.

ಕಾನೂನಿನ ವಿಷಯ. ಮತ ಬದಲಿಸದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸು ಕೊಡಬೇಕು. ನೋಟಿಸಿನ ಅವಧಿಯೂ 30 ದಿನ. ನಮ್ಮಲ್ಲಿ ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಚೀನಾದಲ್ಲಿ ನೋಂದಾಯಿಸಲು ಗಂಡಿಗೆ 22, ಹೆಣ್ಣಿಗೆ 20. ಎರಡೂ ದೇಶಗಳು ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ. ಮಗು ಯಾವ ದೇಶದ್ದು ಎಂಬುದನ್ನು ಮೊದಲೇ ಯೋಚಿಸಬೇಕು.

ಒಂದು ಎಚ್ಚರಿಕೆ. ಹೆಣ್ಣು ಸಿಗದೆ ಬೇಸತ್ತ ಮೂವತ್ತೈದು, ನಲವತ್ತರ ಗಂಡಸರನ್ನು ಫೋಟೋ ತೋರಿಸಿ ಮರುಳು ಮಾಡಿ ಹಣ ಕೀಳುವವರಿದ್ದಾರೆ. ಎದುರಿಗೆ ಕೂತು ಮಾತನಾಡದ, ಹಣ ಹೂಡಲು ಹೇಳುವ ‘ವಿದೇಶಿ ಹುಡುಗಿ’ ಹುಡುಗಿಯೇ ಆಗಿರಲಿಕ್ಕಿಲ್ಲ. ದಲ್ಲಾಳಿ ಹಣಕ್ಕೆ ಕರೆತಂದ ಹುಡುಗಿ ಎಷ್ಟೇ ಚಿಕ್ಕವಳಾಗಿರಲಿ, ಎಷ್ಟೇ ಚೆಂದವಾಗಿರಲಿ, ಆಕೆ ಸ್ವಂತ ಇಷ್ಟದಿಂದ ಬಂದಿದ್ದಾಳೆಯೇ ಎಂದು ತಿಳಿಯದೆ ಮುಂದುವರಿಯಬೇಡಿ. ಒಪ್ಪಿಗೆಯಿಲ್ಲದ ಮದುವೆ ಅಪರಾಧವಾಗುತ್ತದೆ, ಸಂಸಾರವಾಗುವುದಿಲ್ಲ.

ತಂದೆ ತಾಯಿಯರಿಗೆ ಕೊನೆಯ ಮಾತು. ಮಗ ವಿಷಯ ಹೇಳಿದ ದಿನವೇ ತೀರ್ಪು ಕೊಡಬೇಡಿ. ‘ಬಾವಿಗೆ ಬೀಳುತ್ತೇನೆ’ ಎಂದು ಹೆದರಿಸಬೇಡಿ. ಮಗನೂ ಹಾಗೆ ಹೆದರಿಸಬಾರದು. ಮನೆಯಲ್ಲಿ ಯಾರಾದರೂ ಅಂಥ ಮಾತನಾಡಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಸಿಗುತ್ತದೆ. ಹುಡುಗಿಯನ್ನು ಒಂದು ಸಲ ಮನೆಗೆ ಕರೆಸಿ, ಹಬ್ಬ ಹರಿದಿನ ಬಿಟ್ಟು ಸಾಮಾನ್ಯ ದಿನಗಳಲ್ಲಿ, ಒಂದು ವಾರ ಇಟ್ಟುಕೊಳ್ಳಿ. ಅವಳ ತಾಯಿಯೊಂದಿಗೆ ಮಗನ ಸಹಾಯದಿಂದ ಫೋನಿನಲ್ಲಿ ಮಾತನಾಡಿ. ನೀವು ಕೇಳಬೇಕೆಂದಿರುವ ಪ್ರಶ್ನೆಯನ್ನೇ ಆಕೆಯೂ ನಿಮ್ಮನ್ನು ಕೇಳಬೇಕೆಂದಿರುತ್ತಾಳೆ: ‘ನನಗೆ ಇರುವುದು ಇವಳೊಬ್ಬಳೇ. ಚೆನ್ನಾಗಿ ನೋಡಿಕೊಳ್ಳುತ್ತೀರಾ?’ ಅದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ವಯಸ್ಸಿನ ಲೆಕ್ಕವನ್ನು ವೈದ್ಯರಿಗೆ ಬಿಡಬಹುದು.